ಕೋಲು ಅವಳ ಬಳಿ

ಕಣ್ಣೂರಿನ ಲ್ಯಾಬಿನಲ್ಲಿ
ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲು ನನಗೆ ಹೆದರಿಕೆ.
"ಏನೂ ಆಗಲ್ಲ, ನೋಡ್ತಿರು" ಎಂದು ರಂಸೀನಾ
ಬೆಳಿಗ್ಗೆ ಏಳೂವರೆಗೇ ಹೋಗಿ ಕೂತು ತಲೆಯೆತ್ತಿದಳು,
ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು.
ನಾನು ಚಹಾ ಕುಡಿದೆ. ಕಡಲು ನೋಡಿ ಬಂದೆ.
ಇನ್ನೊಂದು ಚಹಾ ಕುಡಿದೆ.
ಸಂಜೆ ಆರಕ್ಕೆ, ಅವರು ಬಾಗಿಲು ಎಳೆಯುವಾಗ
ಹೋಗಿ ಮೂಗು ಕೊಟ್ಟೆ.

ಎಪ್ಪತ್ತೆರಡು ಗಂಟೆ, ಎಂದಿತ್ತು ನಿಯಮ.
ಅಷ್ಟು ಹೊತ್ತು ಮಾತ್ರ ನಾವು ಆರೋಗ್ಯವಂತರು.

ಗಡಿ ದಾಟುವ ಬಸ್ಸಿರಲಿಲ್ಲ.
ವಿರಾಜಪೇಟೆ ಏನು ಮಹಾ ದೂರ, ನಡೆಯೋಣ ಎಂದು
ಬೆನ್ನಿಗೆ ಚೀಲ ಏರಿಸಿದೆವು.
ಭಾರ ಸಮನಾಗಿ ಹಂಚಿದ್ದೆವು:
ಅಕ್ಕಿ ನನಗೆ, ಸ್ಟವ್ ಅವಳಿಗೆ,
ಗೂಡಾರದ ಬಟ್ಟೆ ನನಗೆ, ಕೋಲು ಅವಳಿಗೆ.

ಮಟ್ಟನ್ನೂರಿನ ಹತ್ತಿರ ನನ್ನ ಬೂಟಿನ ಅಟ್ಟೆ
ಹಸಿದ ನಾಯಿಯ ಹಾಗೆ ಬಾಯಿಬಿಟ್ಟಿತು.
ಹೊಲಿಯುವವನ ಅಂಗಡಿ ಮುಚ್ಚಿತ್ತು.
ಅವನು ಬರಬಹುದೆಂದು ಅರ್ಧ ದಿನ ಕಾದೆವು, ಬರಲಿಲ್ಲ.
ಕೊನೆಗೆ ರಂಸೀನಾ ತನ್ನ ಜಡೆಯ ರಬ್ಬರ್‌ಬ್ಯಾಂಡು ಕಿತ್ತು
ಮೂರು ಸುತ್ತು ಸುತ್ತಿ, "ನಡಿ" ಎಂದಳು.
ಕೂದಲು ಮುಖಕ್ಕೆ ಬೀಳುತ್ತಲೇ ಇತ್ತು ದಾರಿಯುದ್ದ.

ಕೂಟುಪುಳ ಸೇತುವೆ ದಾಟಿ
ಮಾಕುಟ್ಟದ ಗೇಟು ಮುಟ್ಟಿದಾಗ ಬೆಳಿಗ್ಗೆ ಹತ್ತು.
ನಮ್ಮ ಜಿಲ್ಲೆ. ನಮ್ಮ ಕಾಡು.
ನಾನು ಕೊಡವ ತಕ್ಕಿನಲ್ಲಿ ಮಾತು ತೆಗೆದೆ.
ಕುರ್ಚಿಯಲ್ಲಿದ್ದ ಹುಡುಗ ಬಾಗಲಕೋಟೆಯವನು.

"ಅಕ್ಕಾರ, ನಿಮ್ದು ಸಂಜೀ ಆರರ ತನಕ ಐತ್ರಿ.
ಇವ್ರದು ಏಳೂವರೀಗೇ ಮುಗದೈತ್ರಿ."
ಎರಡೂವರೆ ಗಂಟೆಯಲ್ಲಿ ಏನಾಗುತ್ತೆ, ಎಂದು ಕೂಗಾಡಿದೆ.
"ನನಗೂ ಗೊತ್ತಿಲ್ರಿ. ಮ್ಯಾಲಿಂದ ಹೇಳ್ಯಾರ.
ನಾ ಮನೀಗೆ ಹೋಗಿ ಐದು ತಿಂಗಳಾತು"
ಎನ್ನುತ್ತ ನೋಂದಣಿ ಪುಸ್ತಕದಲ್ಲಿ ಬರೆದಿದ್ದ ಅವಳ ಹೆಸರನ್ನು
ಸ್ಕೇಲು ಇಟ್ಟು, ನೆಟ್ಟಗೆ, ಒಂದೇ ಗೆರೆಯಲ್ಲಿ ಹೊಡೆದುಹಾಕಿದ.
ಮೀನಿನ ಲಾರಿಗಳು ನೀರು ಸುರಿಸುತ್ತ ಹೋದವು,
ಅವಕ್ಕೆ ಪಾಸಿತ್ತು.

ಧೈರ್ಯವಂತೆಯ ಕಾಗದ ಸತ್ತಿತ್ತು,
ಪುಕ್ಕಲಿಯದು ಇನ್ನೂ ಬದುಕಿತ್ತು.

"ನೀನು ಹೋಗು" ಎಂದಳು.
ಎರಡನೇ ಸಲ ಹೇಳಲಿ ಎಂದು ಕಾದೆ.
ಹೇಳಿದಳು.
ಮೂರನೇ ಸಲ ಅವಳು ಬಾಯಿ ತೆರೆಯುವ ಮೊದಲೇ
ನಾನು ಕಂಬದ ಕೆಳಗೆ ಬಗ್ಗಿಯಾಗಿತ್ತು.

ತರಕಾರಿ ಲಾರಿ ಹತ್ತಿಸಿಕೊಂಡಿತು.
ಘಾಟಿಯ ತಿರುವುಗಳಲ್ಲಿ ಎಲೆಕೋಸುಗಳು ಉರುಳಿ
ನನ್ನ ಕಾಲಿಗೆ ಬಂದು ಬಡಿಯುತ್ತಿದ್ದವು.
ಪೆರುಂಬಾಡಿ ಬಂದಾಗ ನೆನಪಾಯಿತು,
ಬಟ್ಟೆ ನನ್ನ ಚೀಲದಲ್ಲಿದೆ.

ಮತ್ತೆ ಮೂಗು ಕೊಟ್ಟು, ಮತ್ತೆ ಕಾದು
ಎರಡು ರಾತ್ರಿ ಇರಿಟ್ಟಿಯಲ್ಲಿ ಯಾವುದೋ ಅಂಗಡಿಯ ಜಗಲಿಯ ಮೇಲೆ
ಕೋಲುಗಳನ್ನೇ ದಿಂಬು ಮಾಡಿ ಮಲಗಿದ್ದಳಂತೆ.
ನಗುನಗುತ್ತಲೇ ಹೇಳಿದಳು.
ಕಡ್ಡಿ ಹಾಕಿಸಿಕೊಂಡ ದಿನವೂ ಹಾಗೇ ನಕ್ಕಿದ್ದಳು.

ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಮೋರಿ.
ಮೇಲೆ ಚಪ್ಪಡಿ ಕಲ್ಲು, ಎರಡು ಹೆಜ್ಜೆ.
ಕಂಬವಿಲ್ಲ, ಕುರ್ಚಿಯಿಲ್ಲ, ಕಾಗದ ಕೇಳುವವರಿಲ್ಲ.
ಮೊನ್ನೆ ಬೂಷ್ಟು ಹಿಡಿಯುತ್ತದೆಂದು
ಗೂಡಾರದ ಬಟ್ಟೆಯನ್ನು ಬಿಸಿಲಿಗೆ ಹರವಿದ್ದೆ.
ಅವಳು ಮಹಡಿಯಿಂದ ನೋಡಿದಳು, ಕೈಬೀಸಿದಳು.
ಕೋಲು ತರಲೇ ಎಂದು ಕೇಳಲಿಲ್ಲ.
ತಾ, ಎಂದು ನಾನೂ ಹೇಳಲಿಲ್ಲ.
ಗಾಳಿ ಬಂದಾಗ ಬಟ್ಟೆ ಒಂದಿಷ್ಟು ಎದ್ದಿತು,
ಮತ್ತೆ ನೆಲಕ್ಕೆ ಒರಗಿತು.