ಅಂಚಿನಲ್ಲಿ ಬರೆದದ್ದು

ಶಮಶಾದ ನದಾಫಳ ಕ್ಷೇತ್ರಕಾರ್ಯದ ದಿನಚರಿ
ಬಿಚ್ಚಿದೆನೋ ಇಲ್ಲವೋ, ಸೀನು.
ಒಂದಲ್ಲ, ಏಳು.
ಚಿಗರಿ ಬಸ್ಸಿನ ತಣ್ಣನೆಯ ಗಾಳಿಯಲ್ಲಿ
ಪಕ್ಕದವರು ಸರಿದು ಕುಳಿತರು.
ಹಾಳೆಯ ಮಡಿಕೆ ಮಡಿಕೆಯಲ್ಲಿ ಬ್ಯಾಡಗಿಯ ಘಾಟು.

ಧಾರವಾಡದಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ
ನಾಲ್ಕು ದಿನಚರಿ ತಿದ್ದುವುದು ನನ್ನ ರೂಢಿ.
ಇಪ್ಪತ್ತೆರಡು ವರ್ಷದ ಕೆಂಪು ಶಾಯಿ:
ಚೊಕ್ಕಟವಾಗಿ ಬರೆಯಿರಿ. ದಿನಾಂಕ ಎಲ್ಲಿ?
ಭಾವುಕತೆ ಬೇಡ, ಅವಲೋಕನ ಬೇಕು.
ನವಲೂರು ಬರುವುದರೊಳಗೆ ಒಂದು ಮುಗಿದಿರುತ್ತದೆ.

ಶಮಶಾದ ಬರೆಯುತ್ತಾಳೆ:
ಮಾರುಕಟ್ಟೆಯ ಹಿಂದೆ ತಗಡಿನ ಶೆಡ್ಡು.
ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರು ಅರವತ್ತು,
ಸೆರಗು ಮೂಗಿಗೆ ಸುತ್ತಿ, ಕಣ್ಣಷ್ಟೇ ಹೊರಗೆ.
ಕಿಲೋ ಲೆಕ್ಕದ ಕೂಲಿ.
ತೂಗುವವನು ಒಬ್ಬ, ಬರೆದುಕೊಳ್ಳುವವನೂ ಅವನೇ.

ಫಕೀರವ್ವ ಬಾರ್ಕಿ ತಲೆ ಎತ್ತದೆ ಕೇಳಿದಳು:
"ಏನ್ ಓದಾಕತ್ತೀಯವ್ವಾ?"
"ಸಮಾಜಕಾರ್ಯ."
"ಹಂಗಂದ್ರ? ಗಟಾರ ಬಳಿಯೂದೋ,
ಹಣ್ಣು ಹಂಚಿ ಫೋಟೊ ತಗಸೂದೋ?"
"ಅಲ್ಲವ್ವ."
"ಮತ್ತೇನು?"

ಇಲ್ಲಿ ಅರ್ಧ ಸಾಲು ಖಾಲಿ.
ಹುಡುಗಿಗೆ ಉತ್ತರ ಹೊಳೆದಿಲ್ಲ.
ಪಾಠ ಮಾಡಿದ ನನಗೂ.

ಜೂನಿನಲ್ಲಿ, ಪ್ರವೇಶದ ಕಿಟಕಿಯ ಹತ್ತಿರ
ಅವಳ ಅಪ್ಪ, ಗಾದಿ ಹೊಲಿಯುವ ಮಾಬುಸಾಬ,
ತಲೆಗೂದಲಲ್ಲಿ ಹತ್ತಿಯ ಎಳೆ ಹಾಗೇ ಇಟ್ಟುಕೊಂಡು ಬಂದು
ಕೇಳಿದ್ದ: "ಸರ, ಇದನ್ನ ಕಲ್ತ್ರ ಏನಾಗ್ತದ್ರಿ?"
ನಾನು ಹುದ್ದೆಗಳ ಪಟ್ಟಿ ಒಪ್ಪಿಸಿದೆ,
ಆಸ್ಪತ್ರೆ, ಕಾರ್ಖಾನೆ, ಮಕ್ಕಳ ರಕ್ಷಣಾ ಘಟಕ.
ಆತ ತಲೆಯಾಡಿಸಿದ. ನಂಬಿದನೆಂದಲ್ಲ, ಮರ್ಯಾದೆಗೆ.
ಅದೇ ಮಧ್ಯಾಹ್ನ ಇತಿಹಾಸ ವಿಭಾಗದ ಗೆಳೆಯ
"ಈ ಸಲ ಮೂರೇ ಮಂದಿ" ಎಂದು ನಕ್ಕಿದ್ದ,
ನಲವತ್ತು ಬೆಂಚಿನ ಕೋಣೆಗೆ ಬೀಗ ಹಾಕುತ್ತ.

ಪ್ರಶ್ನಾವಳಿ ನನ್ನದೇ. ಮೂವತ್ತೆರಡು ಪ್ರಶ್ನೆ.
ಹತ್ತೊಂಬತ್ತನೆಯದು: ಆರೋಗ್ಯದ ಸಮಸ್ಯೆ ಇದೆಯೆ?
ಫಕೀರವ್ವ: ಇಲ್ಲ.
ಅರವತ್ತರಲ್ಲಿ ಐವತ್ತೇಳು ಮಂದಿ: ಇಲ್ಲ.
ಎಷ್ಟು ಅಂದದ ಕೋಷ್ಟಕವಾಗುತ್ತಿತ್ತು!

ಮೂರನೇ ವಾರ ಹುಡುಗಿ ಪೆನ್ನು ಮುಚ್ಚಿಟ್ಟು
ಅವರ ನಡುವೆ ಕೂತು ತಾನೂ ತುಂಬು ಬಿಡಿಸಿದ್ದಾಳೆ.
ಅದಕ್ಕೇ ಈ ಘಾಟು.
ನಮೂನೆಯಲ್ಲಿ ಇಲ್ಲದ್ದನ್ನು ಕೇಳಿದ್ದಾಳೆ:
"ಮನೀಗೆ ಹೋದ ಕೂಡ್ಲೆ ಏನ್ ಮಾಡ್ತೀರಿ?"
"ಮಜ್ಜಿಗ್ಯಾಗ ಕೈ ಅದ್ದಿ ಕುಂದರ್ತೀನಿ."
"ಆಮ್ಯಾಲೆ?"
"ಕೂಸಿನ್ನ ಮುಟ್ಟೂದಿಲ್ಲ."

ಸುಗ್ಗಿಯ ನಾಲ್ಕು ತಿಂಗಳು ಆ ಕೂಸಿಗೆ
ಎಣ್ಣೆ ಹಚ್ಚುವುದು ಅತ್ತೆ, ಕಣ್ಣು ಒರೆಸುವುದು ಅತ್ತೆ.
ತಾಯಿ ಮೊಣಕೈಯಿಂದ ತೊಟ್ಟಿಲು ತೂಗುತ್ತಾಳೆ.
"ಇದು ಬ್ಯಾನಿ ಅಲ್ಲವ್ವಾ," ಅಂದಳಂತೆ,
"ಇದು ಕೆಲಸ."

ಅಂಚಿನಲ್ಲಿ, ಸಣ್ಣಕ್ಷರದಲ್ಲಿ:
ಸರ್, ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

"ನಮೂನೆಗೆ ಹೊರತು" ಎಂದು ಕೈ ತಾನೇ ಬರೆದುಬಿಟ್ಟಿತು.
ಕಣ್ಣುಜ್ಜಿಕೊಂಡೆ. ಉಜ್ಜಬಾರದಿತ್ತು.
ಉಣಕಲ್ ಕೆರೆ ದಾಟಿದರೂ ಉರಿ ನಿಲ್ಲಲಿಲ್ಲ,
ಕೆರೆ ಎರಡಾಗಿ, ಮೂರಾಗಿ ಕಂಡಿತು.
ಭಾವುಕತೆಯಲ್ಲ, ಖಾರ.
ಹಾಳೆ ಮುಟ್ಟಿದ ಎರಡು ಬೆರಳಿಗೆ ಇಷ್ಟು.

ಹೊಸೂರಿನಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ.
ಕೊನೆಯ ನಿಲ್ದಾಣದ ಬೆಂಚಿನ ಮೇಲೆ ಕೂತು
ನನ್ನ ಕೆಂಪಿಗೆ ನಾನೇ ಅಡ್ಡಗೆರೆ ಎಳೆದೆ.
ಹತ್ತೊಂಬತ್ತನೆಯದನ್ನು ಹೊಡೆದು ಹಾಕಿ
ಅಲ್ಲಿ ಅವಳ ಪ್ರಶ್ನೆ ಬರೆದೆ, ತಿದ್ದದೆ,
ಮನೀಗೆ, ಕೂಡ್ಲೆ, ಎಲ್ಲ ಹಾಗೇ.

ಮಾಬುಸಾಬನಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿ.
ಪಟ್ಟಿಯಲ್ಲಿ ಅದು ಇರಲಿಲ್ಲ ಎಂಬುದಷ್ಟೇ ಗೊತ್ತು.

ಕೊನೆಯ ಪುಟದಲ್ಲಿ ಎರಡೇ ಸಾಲು:
ತೂಕದ ವಹಿ ಓದಿ ಹೇಳತೀಯೇನವ್ವಾ ಅಂದಳು ಫಕೀರವ್ವ.
ಸೋಮವಾರ ಹೋಗುತ್ತೇನೆ.

ಕೆಳಗೆ ಸಹಿ ಹಾಕಿದೆ.
ದಿನಾಂಕ ಮರೆತೆ.