ಬೀಗದ ಕೈ

ಕೌಂಟಿ ಕಚೇರಿಯವರು ಕಾಗದ ಕೊಡುತ್ತಾರೆ,
ಬೀಗದ ಕೈ ಕೊಡುವುದಿಲ್ಲ.
ಯಾರದೋ ಬಾಕಿ ತೆರಿಗೆ, ನಾನು ಕಟ್ಟಿದ್ದು:
ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಡಾಲರು,
ಮೇಲೆ ಅರವತ್ತು ಸೆಂಟು.
ಆ ಅರವತ್ತು ಯಾವುದಕ್ಕೆಂದು ಕೇಳಿದೆ.
ಗಾಜಿನಾಚೆಯ ಹೆಂಗಸು ನಕ್ಕಳು, ಹೇಳಲಿಲ್ಲ.

ಒಂದು ವರ್ಷ ಕಾಯಬೇಕು, ಆಮೇಲೆ ಕೋರ್ಟು.
ಅಷ್ಟರಲ್ಲಿ ಅವರು ಬಂದು ಋಣ ತೀರಿಸಿದರೆ
ಬಡ್ಡಿ ನನಗೆ, ಮನೆ ಅವರಿಗೆ.
ಬಸ್ಸು ಓಡಿಸುತ್ತ ದಿನಕ್ಕೆ ಎಂಟು ಸಲ
ಆ ಬೀದಿಯ ತುದಿ ದಾಟುತ್ತಿದ್ದೆ,
ಎಂಟು ಸಲವೂ ಕತ್ತು ಹೊರಳುತ್ತಿತ್ತು.
ಬಂದರೇ? ಬಾರದಿರಲಿ.
ಇನ್ನೊಬ್ಬರು ಮನೆಗೆ ಬಾರದಿರಲೆಂದು ಬೇಡುವುದು
ಎಂಥ ಪ್ರಾರ್ಥನೆಯೋ,
ಚರ್ಚಿನಲ್ಲಿ ಬಾಯಿಬಿಟ್ಟು ಹೇಳಲಾಗಲಿಲ್ಲ.

ಬರಲಿಲ್ಲ.

ಟೊಲೀಡೊದಲ್ಲಿ ಮಾರ್ಚ್ ಎಂದರೆ
ಕಪ್ಪಿಟ್ಟ ಹಿಮ, ರಸ್ತೆಯ ಉಪ್ಪು.
ನಾನು, ತಮ್ಮ ಡೆಲ್ರಾಯ್, ಒಂದು ಡ್ರಿಲ್ಲು, ಎರಡು ಟಾರ್ಚು.
ಹಿತ್ತಾಳೆಯ ಪುಡಿ ಹೊಸ್ತಿಲ ಮೇಲೆ ಉದುರಿತು.
‘ನಮ್ಮದೇ ಮನೆ’ ಎಂದ ಅವನು.
‘ಮತ್ತೆ ಪಿಸುಗುಡುತ್ತೀ ಯಾಕೆ?’ ಎಂದೆ, ನಾನೂ ಪಿಸುಗುಟ್ಟಿ.

ಬೀಗ ಬಿದ್ದರೂ ಬಾಗಿಲು ಬಿಡಲಿಲ್ಲ,
ಒಳಗಿಂದ ಯಾರೋ ಒತ್ತಿ ಹಿಡಿದಂತೆ.
ಹೆಗಲು ಕೊಟ್ಟೆವು.
ಕಾಗದ! ಅಂಚೆಯ ಕಿಂಡಿಯಿಂದ ಬಿದ್ದು ಬಿದ್ದು
ಮೊಣಕಾಲೆತ್ತರ ಬೆಳೆದ ಲಕೋಟೆಗಳು,
ಒಂದನ್ನೂ ಒಡೆದಿಲ್ಲ. ಮೊದಲ ಎಚ್ಚರಿಕೆ,
ಕೊನೆಯ ಎಚ್ಚರಿಕೆ, ಕೊನೆಯದರ ನಂತರದ ಎಚ್ಚರಿಕೆ,
ಎಲ್ಲದರ ಮೇಲೂ ಕಾಜಿಮಿರ್ ವಾಯ್ಟ್‌ಕೊವಿಯಾಕ್,
ಒಂದೊಂದರಲ್ಲಿ ಒಂದೊಂದು ಕಾಗುಣಿತ.
ರಾಶಿಯ ನೆತ್ತಿಯಲ್ಲಿ ನನ್ನದೇ ನೋಟೀಸು.
ನನಗೆ ನಾನೇ ಅಡ್ಡ ನಿಂತಿದ್ದೆ.

ಹಿಂದಿನ ಕಿಟಕಿಯಿಂದ ಬಂದವರು
ತಾಮ್ರದ ಕೊಳವೆಗಳನ್ನು ಗೋಡೆ ಸೀಳಿ ಎಳೆದಿದ್ದರು.
ಬೀಟ್ರೂಟಿನ ಉಪ್ಪಿನಕಾಯಿಯ ಹನ್ನೊಂದು ಜಾಡಿ
ಯಾರಿಗೂ ಬೇಕಾಗಿರಲಿಲ್ಲ.
ಒಂಟಿ ಬೂಟಿನ ತುಂಬ ಅಕ್ರೋಟು,
ಯಾವುದೋ ಅಳಿಲಿನ ಖಾತೆ, ತೆರಿಗೆಯಿಲ್ಲದ್ದು.
ಅದನ್ನು ಇದ್ದಲ್ಲೇ ಬಿಟ್ಟೆ.

ಆಗ ಬಂದಳು ಪಕ್ಕದ ಮನೆಯ ನಜ್ಲಾ,
ರಾತ್ರಿಯುಡುಪಿನ ಮೇಲೆ ಗಂಡಸಿನ ಕೋಟು,
ಬೆರಳಿಗೆ ಸುತ್ತಿದ ಹಳದಿ ದಾರ,
ದಾರದಲ್ಲಿ ಬೀಗದ ಕೈ.
‘ಮುರಿದಿರಾ! ಕೇಳಿದ್ದರೆ ಕೊಡುತ್ತಿದ್ದೆ.
ಗುರುವಾರ ಬರುತ್ತೇನೆ ಅಂತ ಹೇಳಿ ಆಸ್ಪತ್ರೆಗೆ ಹೋದ.’
ಏಳು ಚಳಿಗಾಲ ಅವನ ಮೆಟ್ಟಿಲ ಹಿಮ
ಅವಳೇ ಎತ್ತಿದ್ದಾಳೆ. ಹೇಳಿದ್ದು ಅವಳಲ್ಲ,
ಮೂಲೆಗೊರಗಿಸಿದ ಅವಳ ಸಲಿಕೆ.

ನನ್ನ ಅಂಗೈಗೆ ಅದನ್ನಿಟ್ಟಳು.
ಕೈ ಇದೆ ಈಗ, ಬೀಗ ನೆಲದ ಮೇಲೆ ಎರಡು ಚೂರು.
ಏನನ್ನಬೇಕೋ ತೋಚದೆ ಕೇಳಿದೆ:
‘ನಿಮಗೇನಾದರೂ ಬಾಕಿ ಇತ್ತೇ ಅವರದು?’
ಯೋಚಿಸಿದಳು. ‘ನೆಲಮಾಳಿಗೆಯಲ್ಲಿ ನನ್ನ ಏಣಿ.’

ಒಡತಿಯಾಗಿ ಈ ಮನೆಯಲ್ಲಿ ನನ್ನ ಮೊದಲ ಕೆಲಸ
ಇಲ್ಲಿಂದ ಒಂದನ್ನು ಹೊರಗೆ ಹೊತ್ತದ್ದು.
ಆ ತುದಿ ಡೆಲ್ರಾಯ್, ಈ ತುದಿ ನಾನು,
ಲಕೋಟೆಗಳ ಮೇಲೆ ಜಾರುತ್ತ, ಬಾಗಿಲ ಕಟ್ಟಿಗೆ ತಾಗಿಸುತ್ತ.
ಅಂಗಳದಲ್ಲಿ ಅವಳು ಬೆರಳಿಟ್ಟು ಮೆಟ್ಟಿಲೆಣಿಸಿದಳು.

‘ಒಂದು ಕಮ್ಮಿ,’ ಎಂದಳು ನನ್ನನ್ನೇ ನೋಡಿ.
‘ಕೊಡುವಾಗ ಇತ್ತು.’