ಗಾಳಿಚೀಲ

ಬೂವನಹಳ್ಳಿ ಬಯಲಿಗೆ ಗಾಳಿಚೀಲ ಬೇಕಂತೆ.
ಕಟ್ಟಿನಕೆರೆ ಮಾರ್ಕೆಟ್ಟಿಗೆ ಬಂದ ಸೈಟಿನ ಹುಡುಗ
ಕೇಸರಿ ಬಟ್ಟೆ, ಬಿಳಿ ಬಟ್ಟೆ ನನ್ನ ಮಷೀನಿನ ಮೇಲೆ ಸುರಿದು
‘ಪೈಜಾಮದ ಒಂದೇ ಕಾಲು ಅಂದ್ಕೊಳ್ಳಿ, ಸಾಬ್ರೇ’ ಅಂದ.

ಹೊಲಿದಿದ್ದೇನೆ ಒಂಟಿಕಾಲಿಗೂ,
ಸಾ ಮಿಲ್ಲಿನ ಹುಚ್ಚಯ್ಯನಿಗೆ.
ಅವನದು ತುದಿಯಲ್ಲಿ ಮುಚ್ಚಬೇಕಿತ್ತು,
ಇದು ಎರಡೂ ಕಡೆ ತೆರೆದೇ ಇರಬೇಕಂತೆ.

ಫೋನಿನಲ್ಲಿ ಬೆರಳಾಡಿಸಿ ತೋರಿಸಿದ:
ಇಲ್ಲಿಂದ ಶಿವಮೊಗ್ಗದ ಏರ್‌ಪೋರ್ಟಿಗೆ
ನೇರ ಗೆರೆ ಎಳೆದರೆ ನೂರು ಚಿಲ್ಲರೆ ಕಿಲೋಮೀಟರು,
ಮೇಲೆದ್ದರೆ ಅರ್ಧ ಗಂಟೆ.

ಅರ್ಧ ಗಂಟೆ ಅಂದರೆ ನನಗೆ ಒಂದು ಕಾಲರು.
ಬಾಬಿನ್ನು ಸಿಕ್ಕುಬಿದ್ದರೆ ಅದೂ ಇಲ್ಲ.

ತಂಗಿ ಖುರ್ಷಿದಾ ಅಲ್ಲೇ ಇದ್ದಾಳೆ, ಸೀಗೆಹಟ್ಟಿಯಲ್ಲಿ.
ಅವಳ ಮನೆಗೆ ನಾನು ಕಂಡ ದಾರಿ
ಅರಸೀಕೆರೆಯಲ್ಲಿ ಬಸ್ಸು ಬದಲಿಸಿ, ಕಡೂರಿನಲ್ಲಿ ಚಾ,
ತರೀಕೆರೆ ದಾಟುವಾಗ ಪಕ್ಕದವರ ಹೆಗಲ ಮೇಲೆ ನಿದ್ದೆ.
ಹುಡುಗನ ಗೆರೆಯಲ್ಲಿ ಕಡೂರೇ ಇಲ್ಲ.

ಸೀಮೆಸುಣ್ಣದ ಗೆರೆ ನಾನೂ ನೇರವೇ ಎಳೆಯುತ್ತೇನೆ.
ತೊಟ್ಟ ಮೇಲೆ ಅದು ಮೈ ಹೇಳಿದ ಕಡೆ ಬಾಗುತ್ತದೆ.

ಚೀಲ ಮುಗಿದು ಮೂರು ತಿಂಗಳು; ಒಯ್ಯುವವರಿಲ್ಲ.
ಬಾಗಿಲ ಮೊಳೆಗೆ ನೇತುಹಾಕಿದ್ದೇನೆ.
ಅರಸೀಕೆರೆ ಬಸ್ಸು ಹಾದಾಗ ಮೊಳದುದ್ದ ಎದ್ದು
ಮೀನಂಗಡಿ ಕಡೆ ಕೈ ತೋರಿಸಿ
ಮತ್ತೆ ಬೀಳುತ್ತದೆ.
ಮಜೂರಿ ಬಾಕಿ.